ಮೇಜಿನ ಮೇಲೊಂದು ಪೆಟ್ಟಿಗೆ: ಸ್ಟ್ರೀಮರ್ ಕೂಡಿದ ಹೆಡ್‌ಫೋನ್ ಆಂಪ್ಲಿಫೈಯರ್ ಆರಿಸುವ ಬಗೆ

ಹೆಡ್‌ಫೋನ್ ಆಂಪ್ಲಿಫೈಯರ್, ಡ್ಯಾಕ್, ಅಂತರ್ಜಾಲದಿಂದಲೋ ಮನೆಯ ನೆಟ್‌ವರ್ಕ್‌ನಿಂದಲೋ ಹಾಡು ತರಿಸಿಕೊಳ್ಳುವ ಸ್ಟ್ರೀಮರ್ ಈ ಮೂರನ್ನೂ ಒಂದೇ ಪೆಟ್ಟಿಗೆಯೊಳಗೆ ಕೂರಿಸಿ ಮಾರುವ ಉಪಕರಣಗಳಲ್ಲಿ ಮೂರು ಭಾಗಗಳಿಗೂ ಸಮನಾದ ಆಯುಸ್ಸು ಇರುವುದಿಲ್ಲ. ಚೆನ್ನಾಗಿ ಕಟ್ಟಿದ ಆಂಪ್ಲಿಫೈಯರ್ ದಶಕಗಳ ಕಾಲ ದುಡಿಯುತ್ತದೆ. ಕೆಟ್ಟರೂ ಕೆಪಾಸಿಟರ್ ಬದಲಿಸಿ ಮತ್ತೆ ನಡೆಸಬಹುದು. ಅಂಕಿಗಳ ರೂಪದಲ್ಲಿರುವ ಸಂಗೀತವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಡ್ಯಾಕ್ ಭಾಗವೂ ಹಾಗೆಯೇ. ಹತ್ತು ವರ್ಷ ಹಿಂದಿನ ಒಳ್ಳೆಯ ಡ್ಯಾಕ್ ಇಂದಿನ ಕಿವಿಗೂ ಸಾಲುತ್ತದೆ. ಸ್ಟ್ರೀಮರ್ ಮಾತ್ರ ಬೇರೆ ಜಾತಿಯದು. ಅದು ಎಲ್ಲೋ ಇರುವ ಸರ್ವರ್, ಯಾರೋ ಬರೆಯುವ ಆ್ಯಪ್, ಯಂತ್ರದ ಗುರುತನ್ನು ಖಚಿತಪಡಿಸುವ, ಇನ್ನಾರೋ ನೆನಪಿಟ್ಟು ನವೀಕರಿಸಬೇಕಾದ ಭದ್ರತಾ ಪ್ರಮಾಣಪತ್ರ ಇವನ್ನೆಲ್ಲ ನೆಚ್ಚಿಕೊಂಡು ನಡೆಯುತ್ತದೆ. ಆದಕಾರಣ ಇಂಥ ಪೆಟ್ಟಿಗೆಯನ್ನು ಅದರ ಆಂಪ್ಲಿಫೈಯರ್ ನೋಡಿ, ಬೆನ್ನಿನಲ್ಲಿರುವ ಇನ್‌ಪುಟ್‌ಗಳನ್ನು ನೋಡಿ ಕೊಳ್ಳಬೇಕು. ಸ್ಟ್ರೀಮಿಂಗ್ ಭಾಗವು ಒಂದು ದಿನ ನಿಲ್ಲುತ್ತದೆ ಎಂದು ಮೊದಲೇ ಒಪ್ಪಿಕೊಂಡು, ನಿಂತ ಮೇಲೂ ಉಳಿದ ಪೆಟ್ಟಿಗೆ ಕೆಲಸಕ್ಕೆ ಬರುತ್ತದೆಯೇ ಎಂದು ಕೇಳಿಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದು ಬರಿಯ ಊಹೆಯ ಮಾತಲ್ಲ. ಮನೆಯ ನೆಟ್‌ವರ್ಕ್‌ನಿಂದ ಹಾಡು ತರಿಸಿಕೊಳ್ಳುವ ಪೆಟ್ಟಿಗೆಗಳ ಪೈಕಿ ಸ್ಕ್ವೀಜ್‌ಬಾಕ್ಸ್ ಮೊದಮೊದಲಿನದು. ಅದನ್ನು ಮಾಡುತ್ತಿದ್ದ ಸ್ಲಿಮ್ ಡಿವೈಸಸ್ ಕಂಪನಿಯನ್ನು ಲಾಜಿಟೆಕ್ 2006ರಲ್ಲಿ ಕೊಂಡಿತು, 2012ರ ಹೊತ್ತಿಗೆ ಆ ಸಾಲನ್ನೇ ನಿಲ್ಲಿಸಿತು, 2024ರಲ್ಲಿ ಅದರ ಆನ್‌ಲೈನ್ ಸೇವೆಯನ್ನೂ ಮುಚ್ಚಿತು. ಆದರೂ ಆ ಪೆಟ್ಟಿಗೆಗಳು ಅನೇಕ ಮನೆಗಳಲ್ಲಿ ಇಂದಿಗೂ ಹಾಡುತ್ತಿವೆ. ಏಕೆಂದರೆ ಅವುಗಳ ಸರ್ವರ್ ತಂತ್ರಾಂಶದ ಮೂಲಸಂಕೇತ ಎಲ್ಲರಿಗೂ ತೆರೆದಿತ್ತು, ಆಸಕ್ತರೇ ಅದನ್ನು ಲಿರಿಯನ್ ಮ್ಯೂಸಿಕ್ ಸರ್ವರ್ ಎಂಬ ಹೆಸರಿನಲ್ಲಿ ಮುಂದುವರಿಸಿಕೊಂಡು ಬಂದರು. ಇದಕ್ಕೆದುರಾಗಿ, ಫೋನಿನಿಂದ ಆರಿಸಿದ ಹಾಡನ್ನು ಆಂಪ್ಲಿಫೈಯರಿಗೆ ತಲುಪಿಸುವ ಗೂಗಲ್‌ನ ಕ್ರೋಮ್‌ಕಾಸ್ಟ್ ಆಡಿಯೊ ನೋಡಿ. 2015ರಲ್ಲಿ ಬಂದ ಆ ಪುಟ್ಟ ಬಿಲ್ಲೆಯ ತಯಾರಿಕೆ 2019ರ ಆರಂಭದಲ್ಲಿ ನಿಂತಿತು. 2025ರ ಮಾರ್ಚ್‌ನಲ್ಲಿ ಅದರೊಳಗಿನ ಒಂದು ಪ್ರಮಾಣಪತ್ರದ ಹತ್ತು ವರ್ಷದ ಅವಧಿ ಮುಗಿದು, ಯಂತ್ರದಲ್ಲಿ ಯಾವ ದೋಷವೂ ಇಲ್ಲದೆ, ಜಗತ್ತಿನಾದ್ಯಂತ ಅವು ಒಟ್ಟಿಗೆ ಮೂಕವಾದವು. ಗೂಗಲ್ ತಿದ್ದುಪಡಿ ಕಳಿಸಿದ ಮೇಲೆ ಮತ್ತೆ ನಡೆದವು, ನಿಜ. ತಿದ್ದುಪಡಿ ಕಳಿಸುವ ಮನಸ್ಸು ಆ ಕಂಪನಿಗೆ ಇದ್ದದ್ದರಿಂದ ನಡೆದವು. ಹತ್ತಾರು ಸಾವಿರ ರೂಪಾಯಿಯ ಆಂಪ್ಲಿಫೈಯರ್ ಒಂದರ ಹಣೆಬರಹ ಇಂಥ ಮನಸ್ಸಿನ ಮೇಲೆ ನಿಲ್ಲುವುದು ನನಗೆ ಒಪ್ಪಿಗೆಯಿಲ್ಲ.

ಹಾಗಾದರೆ ಎಲ್ಲವೂ ಕೂಡಿದ ಪೆಟ್ಟಿಗೆಯ ಗೊಡವೆಯೇ ಏಕೆ, ಕಂಪ್ಯೂಟರಿಗೆ ಯುಎಸ್‌ಬಿ ಡ್ಯಾಕ್ ಸಿಕ್ಕಿಸಿಕೊಂಡರೆ ಸಾಲದೇ ಎಂದು ಕೇಳಬಹುದು. ಹಲವರಿಗೆ ಸಾಲುತ್ತದೆ, ಹಣವೂ ಉಳಿಯುತ್ತದೆ. ನನಗೆ ಸಾಲದೆ ಹೋದದ್ದಕ್ಕೆ ಕಾರಣ ತುಮಕೂರಿನ ನನ್ನ ಮನೆಯ ಗೋಡೆಯೊಳಗಿದೆ. ಬಟವಾಡಿಯ ಕಡೆ ನಾನಿರುವ ಮನೆ ಹಳೆಯದು. ಮೂರು ಪಿನ್ನಿನ ಸಾಕೆಟ್ ಎಲ್ಲ ಕೋಣೆಗಳಲ್ಲೂ ಇದ್ದರೂ ಅರ್ತ್ ಎಲ್ಲ ಕಡೆ ಸರಿಯಾಗಿ ಸಿಗುವುದಿಲ್ಲ. ಲ್ಯಾಪ್‌ಟಾಪನ್ನು ಚಾರ್ಜರಿಗೆ ಹಾಕಿ, ಅದರಿಂದ ಯುಎಸ್‌ಬಿ ತಂತಿಯಲ್ಲಿ ಡ್ಯಾಕ್‌ಗೆ ಹಾಡು ಕಳಿಸಿದರೆ ಹಾಡಿನ ಜೊತೆಗೆ ಸಣ್ಣ ಗುಂಯ್ ಸದ್ದೊಂದು ತಂತಿಯ ಗ್ರೌಂಡ್ ಹಿಡಿದು ಬರುತ್ತದೆ. ಚಾರ್ಜರ್ ಕಿತ್ತ ಕೂಡಲೇ ಮಾಯವಾಗುತ್ತದೆ. ನೆಟ್‌ವರ್ಕ್ ಮೂಲಕ ಹಾಡು ತರಿಸಿಕೊಳ್ಳುವ ಪೆಟ್ಟಿಗೆಗೆ ಈ ಕಾಟವಿಲ್ಲ. ವೈಫೈನಲ್ಲಿ ತಂತಿಯೇ ಇಲ್ಲ. ಈಥರ್ನೆಟ್ ಪೋರ್ಟ್‌ಗಳೊಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳಿರುವುದರಿಂದ, ಲೋಹದ ಹೊದಿಕೆಯಿಲ್ಲದ ಸಾಮಾನ್ಯ ಕೇಬಲ್ ಹಾಕಿದರೆ ಎರಡು ಯಂತ್ರಗಳ ಗ್ರೌಂಡ್ ಒಂದಕ್ಕೊಂದು ತಾಗುವುದಿಲ್ಲ. ಆಪ್ಟಿಕಲ್ ತಂತಿಯಲ್ಲಿ ಹೋಗುವುದು ಬೆಳಕಾದ್ದರಿಂದ ಅದೂ ಈ ದೃಷ್ಟಿಯಿಂದ ಕ್ಷೇಮ. ಎರಡನೆಯ ಕಾರಣ ಕೆಲಸಕ್ಕೆ ಸಂಬಂಧಿಸಿದ್ದು. ದಿನದ ಬಹುಪಾಲು ಮೇಜಿನ ಮುಂದೆ ಕೂತು ಲೆಕ್ಕಪತ್ರ ನೋಡುವವನು ನಾನು. ಲ್ಯಾಪ್‌ಟಾಪ್ ನಿದ್ದೆಗೆ ಹೋದರೂ ಅರ್ಧಕ್ಕೆ ನಿಲ್ಲದ, ಮಿಂಚಂಚೆ ಬಂದ ಗಂಟೆಯ ಸದ್ದು ನಡುವೆ ತೂರಿಕೊಳ್ಳದ ಸಂಗೀತ ಬೇಕೆನ್ನುವುದು ನನ್ನಂಥವರಿಗೆ ಸಣ್ಣ ಸೌಕರ್ಯವಲ್ಲ.

ವಿದ್ಯುತ್ತಿನ ವಿಷಯವನ್ನು ವಿದೇಶಿ ವಿಮರ್ಶಕರು ಬರೆಯುವುದಿಲ್ಲ, ಆದರೆ ನಮ್ಮ ಕಡೆ ಅದನ್ನು ಬಿಟ್ಟು ಈ ಚರ್ಚೆ ಪೂರ್ಣವಾಗದು. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದು ಮಾಡುವ ಊರುಗಳಲ್ಲಿ ಮನೆಯ ಇನ್ವರ್ಟರ್ ಎಂಥದು ಎನ್ನುವುದು ಆಂಪ್ಲಿಫೈಯರ್‌ನ ಆಯ್ಕೆಯನ್ನು ಬದಲಿಸುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರೆ, ದೊಡ್ಡ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡ ಆಂಪ್ಲಿಫೈಯರ್ ಆ ಒರಟು ಅಲೆಗೆ ಝೇಂಕರಿಸುತ್ತದೆ, ಬಿಸಿಯೂ ಆಗುತ್ತದೆ; ಪ್ಯೂರ್ ಸೈನ್ ವೇವ್ ಇನ್ವರ್ಟರ್ ಇದ್ದರೆ ಈ ತೊಂದರೆಯಿಲ್ಲ. ಇನ್ನೊಂದು, ಕರೆಂಟ್‌ನಿಂದ ಬ್ಯಾಟರಿಗೆ ಬದಲಾಗುವ ಆ ಕ್ಷಣ. ಬಲ್ಬಿಗೆ ಅದು ಬರಿಯ ಮಿಣುಕು. ಆದರೆ ಒಳಗೆ ಆಂಡ್ರಾಯ್ಡ್ ಓಡುವ ಪೆಟ್ಟಿಗೆ ಆ ಮಿಣುಕಿಗೆ ಆರಿಹೋದರೆ ಫೋನ್‌ನಂತೆ ಮೊದಲಿನಿಂದ ಬೂಟ್ ಆಗಬೇಕು. ಸಾದಾ ಡ್ಯಾಕ್ ಆದರೆ ಕ್ಷಣದಲ್ಲಿ ಎದ್ದು ಕೂರುತ್ತದೆ. ಇನ್ವರ್ಟರ್‌ನ ಹಿಂದಿರುವ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ತಿರುಗಿಸಿದರೆ ಬದಲಾವಣೆಯ ಅವಧಿ ಕಿರಿದಾಗುತ್ತದೆ, ಬಹುಮಟ್ಟಿಗೆ ಪೆಟ್ಟಿಗೆ ಆರುವುದಿಲ್ಲ. ರೂಟರ್ ಆರಿದರೂ ಸ್ಟ್ರೀಮಿಂಗ್ ಆರುತ್ತದೆ ಎಂಬುದನ್ನು ಮರೆಯಬಾರದು. ಅದಕ್ಕೆಂದೇ ಸಿಗುವ ಪುಟ್ಟ ಡಿಸಿ ಯುಪಿಎಸ್ ಇದಕ್ಕೆ ಸಾಕು. ಇಷ್ಟನ್ನೂ ಸರಿಪಡಿಸಿಕೊಳ್ಳದೆ ದುಬಾರಿ ಪೆಟ್ಟಿಗೆ ತಂದರೆ ಅದು ತನ್ನ ಗುಣ ತೋರಿಸಲಾರದು.

ಈಗ ಆಂಪ್ಲಿಫೈಯರ್. ಜಾಹೀರಾತುಗಳಲ್ಲಿ ವ್ಯಾಟ್‌ಗಳ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ, ಮತ್ತು ಕೊಳ್ಳುವವರನ್ನು ದಾರಿ ತಪ್ಪಿಸುವ ಸಂಖ್ಯೆ ಅದೇ. ಲೆಕ್ಕ ಹಾಕಿಯೇ ನೋಡೋಣ. 2003ರಲ್ಲಿ ಬಂದು ಇಂದಿಗೂ ಅಳತೆಗೋಲಾಗಿ ಉಳಿದಿರುವ ಸೆನ್‌ಹೈಸರ್ ಎಚ್‌ಡಿ 650 ಹೆಡ್‌ಫೋನಿನ ಇಂಪೀಡೆನ್ಸ್, ಎಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ, 300 ಓಮ್. ಒಂದು ವೋಲ್ಟ್ ಕೊಟ್ಟರೆ ಸುಮಾರು 103 ಡೆಸಿಬೆಲ್ ಸದ್ದು ಮಾಡುತ್ತದೆ. ಕೋಣೆಯಲ್ಲಿ ಕೂತು ನೆಮ್ಮದಿಯಾಗಿ ಕೇಳುವ ಮಟ್ಟ ಸರಾಸರಿ 75 ಡೆಸಿಬೆಲ್ ಎಂದಿಟ್ಟುಕೊಳ್ಳಿ. ಮೃದಂಗದ ಹೊಡೆತ, ಗಾಯಕರ ತಾರಸ್ಥಾಯಿ ಇವಕ್ಕೆಂದು ಅದರ ಮೇಲೆ 20 ಡೆಸಿಬೆಲ್ ಬಿಡಿ. ಅಂದರೆ 95 ಡೆಸಿಬೆಲ್. ಅದಕ್ಕೆ ಬೇಕಾದದ್ದು ಸುಮಾರು 0.4 ವೋಲ್ಟ್. ವೋಲ್ಟಿನ ವರ್ಗವನ್ನು ಓಮ್‌ನಿಂದ ಭಾಗಿಸಿದರೆ ಬರುವ ಶಕ್ತಿ ಅರ್ಧ ಮಿಲಿವ್ಯಾಟ್‌ಗಿಂತ ಒಂದಿಷ್ಟು ಹೆಚ್ಚು, ಅಷ್ಟೇ. "ಓಡಿಸಲು ಕಷ್ಟ" ಎಂದು ಎಲ್ಲರೂ ಹೇಳುವ ಹೆಡ್‌ಫೋನಿನ ಕಥೆ ಇದು. ನಿಜವಾಗಿಯೂ ಕಷ್ಟದ ಹೆಡ್‌ಫೋನ್‌ಗಳು ಇಲ್ಲವೆಂದಲ್ಲ: ಹೈಫೈಮ್ಯಾನ್ ಕಂಪನಿಯ ಹಳೆಯ ಎಚ್‌ಇ-6 ಒಂದು ಮಿಲಿವ್ಯಾಟ್‌ಗೆ 83.5 ಡೆಸಿಬೆಲ್ ಮಾತ್ರ ಕೊಡುತ್ತದೆ, 105 ಡೆಸಿಬೆಲ್‌ನ ಶಿಖರಗಳಿಗೆ ಅದು 140 ಮಿಲಿವ್ಯಾಟ್‌ನಷ್ಟು ಬೇಡುತ್ತದೆ. ಅದನ್ನೂ ಒಂದು ವ್ಯಾಟ್‌ನ ಆಂಪ್ಲಿಫೈಯರ್ ಆರಾಮವಾಗಿ ನಡೆಸುತ್ತದೆ. ನಾಲ್ಕೈದು ವ್ಯಾಟ್ ಎಂಬ ಹೆಗ್ಗಳಿಕೆಗೆ ಹಣ ತೆರುವ ಮುನ್ನ ತಮ್ಮ ಹೆಡ್‌ಫೋನಿನ ಓಮ್, ಡೆಸಿಬೆಲ್ ಈ ಎರಡು ಅಂಕಿಗಳನ್ನು ಕಾಗದದ ಮೇಲೆ ಬರೆದು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಕಿವಿಯ ಲೆಕ್ಕವನ್ನೂ ಪಕ್ಕದಲ್ಲೇ ಬರೆದುಕೊಳ್ಳಬೇಕು: ವಯಸ್ಕರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ. ಕೆಲಸ ಮಾಡುತ್ತ ದಿನವಿಡೀ ಕೇಳುವವರು ಆ 40 ಗಂಟೆಯನ್ನು ಬಲುಬೇಗ ಮುಟ್ಟುತ್ತಾರೆ.

ವ್ಯಾಟ್‌ಗಿಂತ ನಾನು ಹೆಚ್ಚು ಬೆಲೆ ಕೊಡುವ ಅಂಕಿ ಔಟ್‌ಪುಟ್ ಇಂಪೀಡೆನ್ಸ್, ಎಂದರೆ ಆಂಪ್ಲಿಫೈಯರ್ ತನ್ನ ಹೊರದಾರಿಯಲ್ಲಿ ಒಡ್ಡುವ ತಡೆ. ಇದನ್ನು ನನಗೆ ಮನದಟ್ಟು ಮಾಡಿಸಿದವರು ನಮ್ಮ ಬೀದಿಯಲ್ಲೇ ಇರುವ, ಮಕ್ಕಳಿಗೆ ಮೃದಂಗ ಹೇಳಿಕೊಡುವ ಹಿರಿಯರೊಬ್ಬರು. ಒಂದು ಸಂಜೆ ಬಂದವರಿಗೆ ನನ್ನ ಹಳೆಯ ಸ್ಟೀರಿಯೊ ಆಂಪ್ಲಿಫೈಯರ್‌ನ ಹೆಡ್‌ಫೋನ್ ಸಾಕೆಟ್‌ನಲ್ಲಿ ಒಂದು ತನಿ ಆವರ್ತನ, ಎಂದರೆ ಮೃದಂಗವೊಂದೇ ನುಡಿಯುವ ಭಾಗ, ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದವರು, "ತೊಪ್ಪಿಗೆ ರವೆ ಜಾಸ್ತಿ ಮೆತ್ತಿದ ಹಾಗಿದೆಯಲ್ಲಪ್ಪಾ, ಗುಮ್ಕಿ ಬೇಡದಷ್ಟು ತುಂಬಿಕೊಂಡಿದೆ" ಎಂದರು. ತೊಪ್ಪಿ ಎಂದರೆ ರವೆಯ ಕಣಕ ಮೆತ್ತುವ ಮೃದಂಗದ ಎಡಮುಖ, ಗುಮ್ಕಿ ಅದರಿಂದೇಳುವ ತುಂಬುನಾದ. ಅದೇ ಹಾಡನ್ನು ಅದೇ ಹೆಡ್‌ಫೋನ್‌ನಲ್ಲಿ, ಇಂಪೀಡೆನ್ಸ್ ಒಂದು ಓಮ್‌ಗೂ ಕಡಿಮೆಯಿರುವ ಪುಟ್ಟ ಡ್ಯಾಕ್‌ಗೆ ಹಾಕಿ ಕೊಟ್ಟೆ. "ಈಗ ಸರಿ. ಇದು ಕಚೇರಿಯಲ್ಲಿ ಕೇಳೋ ಮೃದಂಗ" ಎಂದರು. "ಎರಡೂ ಅದೇ ರೆಕಾರ್ಡಿಂಗೇ ಮೇಷ್ಟ್ರೇ" ಎಂದು ನಾನು ಹೇಳಿದ್ದನ್ನು ಅವರು ಸುಲಭಕ್ಕೆ ನಂಬಲಿಲ್ಲ.

ಆಗಿದ್ದು ಇಷ್ಟು. ಸ್ಪೀಕರಿಗೆಂದು ಮಾಡಿದ ಹಳೆಯ ಆಂಪ್ಲಿಫೈಯರ್‌ಗಳಲ್ಲಿ ಹೆಡ್‌ಫೋನ್ ಸಾಕೆಟ್ಟಿಗೆ ಪ್ರತ್ಯೇಕ ವಿದ್ಯುತ್ ಮಂಡಲವಿರದೆ, ಸ್ಪೀಕರ್ ಔಟ್‌ಪುಟ್ಟನ್ನೇ ನೂರಾರು ಓಮ್‌ನ ರೆಸಿಸ್ಟರ್ ಮೂಲಕ ಹಾಯಿಸಿ ಕೊಡುವುದು ವಾಡಿಕೆ. ಎಚ್‌ಡಿ 650ರ ಇಂಪೀಡೆನ್ಸ್ ಹೆಸರಿಗೆ 300 ಓಮ್ ಆದರೂ 100 ಹರ್ಟ್ಸ್‌ನ ಆಸುಪಾಸಿನಲ್ಲಿ ಅದು 500ರ ಹತ್ತಿರಕ್ಕೆ ಏರುತ್ತದೆ. ಮಧ್ಯೆ 470 ಓಮ್‌ನ ರೆಸಿಸ್ಟರ್ ಇದ್ದರೆ, ಆ ಏರಿದ ಜಾಗದಲ್ಲಿ ಹೆಡ್‌ಫೋನ್ ಪಾಲಿಗೆ ಹೆಚ್ಚು ವೋಲ್ಟೇಜ್ ಬೀಳುತ್ತದೆ; ಲೆಕ್ಕ ಹಾಕಿದರೆ ಎರಡು ಡೆಸಿಬೆಲ್‌ಗೂ ಮೀರಿದ ಉಬ್ಬು. ಆ ಉಬ್ಬು ಬರುವುದು ಮೃದಂಗದ ಎಡಗೈಯ ನಾದ ಇರುವ ಜಾಗದಲ್ಲೇ. ಹೆಡ್‌ಫೋನಿನ ಇಂಪೀಡೆನ್ಸ್‌ನ ಎಂಟನೆಯ ಒಂದು ಭಾಗಕ್ಕಿಂತ ಆಂಪ್ಲಿಫೈಯರ್‌ನ ಔಟ್‌ಪುಟ್ ಇಂಪೀಡೆನ್ಸ್ ಕಡಿಮೆಯಿರಬೇಕು ಎಂಬುದು ಬಳಕೆಯಲ್ಲಿರುವ ನಿಯಮ. 16 ಓಮ್‌ನ ಇಯರ್‌ಫೋನ್ ಬಳಸುವವರಿಗೆ ಅದು 2 ಓಮ್ ಆಗುತ್ತದೆ. ಒಂದೇ ಇಯರ್‌ಫೋನಿನಲ್ಲಿ ಹಲವು ಡ್ರೈವರ್‌ಗಳಿದ್ದರೆ ಅವುಗಳ ಇಂಪೀಡೆನ್ಸ್ ಇನ್ನೂ ಮೇಲೆ ಕೆಳಗೆ ಆಡುವುದರಿಂದ ಒಂದು ಓಮ್‌ಗೂ ಕೆಳಗಿರುವುದು ಮೇಲು. ಈ ಅಂಕಿಯನ್ನು ಪ್ರಕಟಿಸದ ಪೆಟ್ಟಿಗೆಯನ್ನು ನಾನು ಪಟ್ಟಿಯಿಂದ ತೆಗೆದುಹಾಕಿದೆ.

ವಾಲ್ಯೂಮ್ ತಿರುಗಣೆಯ ಬಗ್ಗೆ ಬರೆಯುವವರು ಕಡಿಮೆ, ಆದರೆ ದಿನವೂ ಕೈ ಮುಟ್ಟುವುದು ಅದನ್ನೇ. ನನ್ನ ಸಂಗ್ರಹದಲ್ಲಿ ಕಂಪನಿ ನಾಟಕಗಳ ಕಾಲದ ರಂಗಗೀತೆಗಳಿವೆ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯ ಊರು ಇಲ್ಲಿಂದ ಹತ್ತಿರದ ಹಾದಿ. ಆ ಪರಂಪರೆಯ ಹಾಡುಗಳ ಮೇಲಿನ ಪ್ರೀತಿ ನಮ್ಮ ಜಿಲ್ಲೆಯವರಿಗೆ ಸಹಜವಾದದ್ದು. 78 ವೇಗದ ತಟ್ಟೆಗಳಿಂದ ಇಳಿಸಿಕೊಂಡ ಇಂಥ ಹಾಡುಗಳೆಲ್ಲ ಮೊನೊ. ಎರಡು ಕಿವಿಗೂ ಒಂದೇ ಸಂಕೇತ ಹೋಗುವುದರಿಂದ ಕಂಠ ತಲೆಯ ನಟ್ಟನಡುವೆ ನಿಲ್ಲಬೇಕು, ಹಾರ್ಮೋನಿಯಂ ಕೂಡ ಅಲ್ಲೇ. ಸಾಧಾರಣ ಪೊಟೆನ್ಶಿಯೋಮೀಟರ್ ಇರುವ ಆಂಪ್ಲಿಫೈಯರ್‌ನಲ್ಲಿ ತಿರುಗಣೆಯನ್ನು ತೀರ ಕೆಳಗಿಟ್ಟರೆ ಎಡ ಬಲಗಳು ಸಮವಾಗಿರುವುದಿಲ್ಲ, ಕಂಠ ಒಂದು ಕಿವಿಯ ಕಡೆಗೆ ಸರಿದು ನಿಲ್ಲುತ್ತದೆ. ಗೇನ್, ಎಂದರೆ ಆಂಪ್ಲಿಫೈಯರ್ ಸಂಕೇತವನ್ನು ಹಿಗ್ಗಿಸುವ ಪ್ರಮಾಣ, ಹೆಚ್ಚಿದ್ದಷ್ಟೂ ತಿರುಗಣೆಯನ್ನು ಆ ಕೆಟ್ಟ ಜಾಗದಲ್ಲೇ ಇಡಬೇಕಾಗುತ್ತದೆ. ಅನಗತ್ಯ ವ್ಯಾಟ್‌ಗಳ ಇನ್ನೊಂದು ದಂಡ ಇದು. ರಿಲೇಗಳಿಂದ ಹಂತಹಂತವಾಗಿ ಬದಲಾಗುವ ಅಥವಾ ಡ್ಯಾಕ್‌ನೊಳಗೇ ನಡೆಯುವ ಡಿಜಿಟಲ್ ವಾಲ್ಯೂಮ್‌ನಲ್ಲಿ ಈ ದೋಷವಿಲ್ಲ. ಡಿಜಿಟಲ್ ವಾಲ್ಯೂಮ್ ಬಿಟ್‌ಗಳನ್ನು ತಿಂದುಹಾಕುತ್ತದೆ ಎಂಬ ಹಳೆಯ ಆಕ್ಷೇಪಕ್ಕೆ 24 ಬಿಟ್‌ನ ದಾರಿಯಲ್ಲಿ ಹೆಚ್ಚಿನ ಆಧಾರವಿಲ್ಲ: 16 ಬಿಟ್‌ನ ಸಂಗೀತಕ್ಕೆ ಅಲ್ಲಿ ಇನ್ನೂ ಎಂಟು ಬಿಟ್, ಎಂದರೆ 48 ಡೆಸಿಬೆಲ್‌ನಷ್ಟು ಇಳಿಸುವ ಜಾಗ ಉಳಿದಿರುತ್ತದೆ. ಯಾರ ಬಳಿ ಹಳೆಯ ಮೊನೊ ಧ್ವನಿಮುದ್ರಣವಿದೆಯೋ ಅವರ ಬಳಿ ಆಂಪ್ಲಿಫೈಯರ್ ಪರೀಕ್ಷಿಸುವ ಅತ್ಯುತ್ತಮ ಸಾಧನವಿದೆ. ಯಂತ್ರದ ಹಿಸ್ ಸದ್ದನ್ನು ಪರೀಕ್ಷಿಸಲು ತಂಬೂರಿ ಸಾಕು: ಸಂಗೀತ ಕಚೇರಿ ಶುರುವಾಗುವ ಮುನ್ನ ತಂಬೂರಿ ಮಾತ್ರ ಇರುವ ಹೊತ್ತಿನಲ್ಲಿ, ಜೀವಾಳದಿಂದೇಳುವ ಸೂಕ್ಷ್ಮ ಸ್ವರಗಳ ಹಿಂದೆ ಯಂತ್ರದ ಸದ್ದು ಕೇಳಿಸಬಾರದು.

ಸಂಗೀತವನ್ನು ಸೆಕೆಂಡಿಗೆ ಎಷ್ಟು ಸಲ ಅಳೆದು ಅಂಕಿಯಾಗಿಸಿದೆ ಎಂದು ಹೇಳುವ 192 ಕಿಲೋಹರ್ಟ್ಸ್, 768 ಕಿಲೋಹರ್ಟ್ಸ್ ಎಂಬ ಸಂಖ್ಯೆಗಳ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. 1982ರ ಸಿಡಿಯ 16 ಬಿಟ್, 44.1 ಕಿಲೋಹರ್ಟ್ಸ್ ಮನುಷ್ಯರ ಕಿವಿ ಕೇಳಬಲ್ಲ 20 ಕಿಲೋಹರ್ಟ್ಸ್‌ವರೆಗಿನ ಎಲ್ಲವನ್ನೂ 96 ಡೆಸಿಬೆಲ್ ವ್ಯಾಪ್ತಿಯಲ್ಲಿ ಹಿಡಿದಿಡುತ್ತದೆ. ಬ್ಲೂಟೂತ್ ಸಾಮಾನ್ಯವಾಗಿ ಅದಕ್ಕಿಂತ ಕೆಳಗೆ ನಿಲ್ಲುತ್ತದೆ, ಅದರ ಉತ್ತಮ ಬಗೆಗಳಲ್ಲೊಂದಾದ ಎಲ್‌ಡಿಎಸಿ ಕೂಡ ಹೆಚ್ಚೆಂದರೆ ಸೆಕೆಂಡಿಗೆ 990 ಕಿಲೋಬಿಟ್, ಸಿಡಿಯದು 1,411. ಅತಿಥಿಗಳ ಫೋನಿಗೆ ಅದು ಇರಲಿ.

ನಾವು ಕನ್ನಡದವರು ವಿಶೇಷವಾಗಿ ನೋಡಬೇಕಾದ ಒಂದು ಸಂಗತಿಯಿದೆ, ಅದನ್ನು ಯಾವ ವಿಮರ್ಶೆಯೂ ಹೇಳದು: ಪೆಟ್ಟಿಗೆಯ ಪರದೆ ಕನ್ನಡ ಓದುತ್ತದೆಯೇ? ನನ್ನ ಫೈಲ್‌ಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆದಿಟ್ಟಿದ್ದೇನೆ. ಸ್ವಂತ ತಂತ್ರಾಂಶ ಓಡುವ ಕೆಲವು ಪೆಟ್ಟಿಗೆಗಳಲ್ಲಿ ಆ ಹೆಸರುಗಳು ಖಾಲಿ ಚೌಕಗಳ ಸಾಲಾಗಿ ಕಾಣುತ್ತವೆ. ಇನ್ನು ಕೆಲವು ಅಕ್ಷರ ತೋರಿಸಿದರೂ ಒತ್ತಕ್ಷರವನ್ನು ಬಿಡಿಸಿ ಪಕ್ಕಕ್ಕಿಡುತ್ತವೆ. ಆಂಡ್ರಾಯ್ಡ್ ಮೇಲೆ ಕಟ್ಟಿದ ಪೆಟ್ಟಿಗೆಗಳಲ್ಲಿ ಕನ್ನಡದ ಫಾಂಟ್ ಮೊದಲೇ ಇರುವುದರಿಂದ ಈ ಅವಮಾನವಿಲ್ಲ. ಕಲಾವಿದ, ಆಲ್ಬಮ್, ಹಾಡು ಎಂಬ ಮೂರೇ ಖಾನೆಗಳಲ್ಲಿ ನಮ್ಮ ಸಂಗೀತ ಕೂರುವುದಿಲ್ಲ ಎಂಬುದೂ ಇದೆ. ರಾಗ, ತಾಳ, ವಾಗ್ಗೇಯಕಾರರು, ಪಕ್ಕವಾದ್ಯದವರು ಎಲ್ಲಿ ಹೋಗಬೇಕು? ಫೋಲ್ಡರ್‌ಗಳ ಮೂಲಕ ಹುಡುಕಲು ಬಿಡುವ ಪೆಟ್ಟಿಗೆಯಾದರೆ ರಾಗಕ್ಕೊಂದು ಫೋಲ್ಡರ್ ಮಾಡಿ ಹೇಗೋ ನಿಭಾಯಿಸಬಹುದು. ಆಲಾಪನೆ, ಕೃತಿ, ತನಿ ಬೇರೆ ಬೇರೆ ಫೈಲ್‌ಗಳಾಗಿದ್ದರೆ ಅವುಗಳ ನಡುವೆ ತುಂಡಾಗದೆ ನುಡಿಸುವ ಗ್ಯಾಪ್‌ಲೆಸ್ ಸೌಲಭ್ಯ ಬೇಕೇ ಬೇಕು. ಚಪ್ಪಾಳೆಯ ನಡುವೆ ಅರ್ಧ ಸೆಕೆಂಡ್ ಮೌನ ಬಂದರೆ ಸಭೆಯೇ ಕರಗಿಹೋಗುತ್ತದೆ.

ನಾನು ಕೊನೆಯವರೆಗೆ ತೂಗಿ ನೋಡಿದ್ದು ಮೂರು ಬಗೆಯ ಪೆಟ್ಟಿಗೆಗಳನ್ನು. 2021ರಲ್ಲಿ ಬಂದ ನೇಮ್ ಯೂನಿಟಿ ಆಟಮ್ ಹೆಡ್‌ಫೋನ್ ಎಡಿಷನ್‌ನಲ್ಲಿ ಸ್ಪೀಕರ್ ಭಾಗವನ್ನೇ ತೆಗೆದು ಇಡೀ ಯಂತ್ರವನ್ನು ಹೆಡ್‌ಫೋನಿಗೆಂದು ರೂಪಿಸಿದ್ದಾರೆ. ಅದನ್ನು ಕಟ್ಟಿದ ಬಗೆ ಅಪ್ಪಟವಾದದ್ದು, ಬೆಲೆ ನನ್ನ ಕೈಗೆ ಎಟುಕದ್ದು. 2024ರ ವಿಮ್ ಅಲ್ಟ್ರಾ ಸ್ಟ್ರೀಮಿಂಗ್ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ, ಫೋನೊ, ಲೈನ್, ಆಪ್ಟಿಕಲ್ ಇನ್‌ಪುಟ್‌ಗಳಿವೆ; ಆದರೆ ಅದರ ಹೆಡ್‌ಫೋನ್ ಸಾಕೆಟ್ 3.5 ಮಿಲಿಮೀಟರ್‌ನ ಒಂದೇ ಒಂದು, ಬಿಡುಗಡೆಯಾದಾಗ ಆಪಲ್ ಫೋನಿನಿಂದ ಹಾಡು ಕಳಿಸುವ ಏರ್‌ಪ್ಲೇ ಕೂಡ ಇರಲಿಲ್ಲ. ಅದು ಹೆಡ್‌ಫೋನ್ ಸೌಲಭ್ಯವೂ ಇರುವ ಸ್ಟ್ರೀಮರ್. ನನಗೆ ಬೇಕಾದದ್ದು ಸ್ಟ್ರೀಮರ್ ಕೂಡ ಇರುವ ಹೆಡ್‌ಫೋನ್ ಆಂಪ್ಲಿಫೈಯರ್. ಫಿಯೊ ಆರ್7 ನನಗೆ ಬೇಕಾದ ಆ ಬಗೆಯದು: ಐದಿಂಚಿನ ನಿಲುವಾದ ಪರದೆ, ಮುಂದೆ ಮೂರು ಬಗೆಯ ಹೆಡ್‌ಫೋನ್ ಸಾಕೆಟ್, ಒಳಗೇ ಇರುವ ವಿದ್ಯುತ್ ಸರಬರಾಜು, ಹಿಂದೆ ಈಥರ್ನೆಟ್, ಆಪ್ಟಿಕಲ್, ಕೊಆಕ್ಸಿಯಲ್, ಕಂಪ್ಯೂಟರಿಗೆ ಡ್ಯಾಕ್ ಆಗಿ ದುಡಿಯುವ ಯುಎಸ್‌ಬಿ. ಅದರೊಳಗಿರುವುದು 2019ರ ಆಂಡ್ರಾಯ್ಡ್ 10. ಹಳೆಯ ಆಂಡ್ರಾಯ್ಡ್‌ಗೆ ಹಾಡಿನ ಆ್ಯಪ್‌ಗಳು ಒಂದೊಂದಾಗಿ ಬೆಂಬಲ ನಿಲ್ಲಿಸುತ್ತವೆ ಎಂಬುದು ತಿಳಿದ ವಿಷಯ. ಇದೆಲ್ಲ ತಿಳಿದೇ ನಾನು ಅದನ್ನು ಆರಿಸಿದೆ, ಏಕೆಂದರೆ ಆ್ಯಪ್‌ಗಳು ನಿಂತ ದಿನವೂ ಅದು ಒಳ್ಳೆಯ ಡ್ಯಾಕ್ ಮತ್ತು ಆಂಪ್ಲಿಫೈಯರ್ ಆಗಿ ಉಳಿಯುತ್ತದೆ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಒಂದಕ್ಕೆ ಲಿರಿಯನ್ ಮತ್ತು ಅದರ ಜೊತೆ ಹಾಡು ನುಡಿಸುವ ತಂತ್ರಾಂಶ ಹಾಕಿ ಯುಎಸ್‌ಬಿಗೆ ಸಿಕ್ಕಿಸಿದರೆ ಸ್ಟ್ರೀಮಿಂಗ್ ಭಾಗವನ್ನು ಕಡಿಮೆ ಖರ್ಚಿನಲ್ಲಿ ಹೊಸದಾಗಿಸಿಕೊಳ್ಳಬಹುದು. ಪೆಟ್ಟಿಗೆಯ ಮೇಲೆ ಅಚ್ಚಾದ ಸೇವೆಗಳ ಲಾಂಛನಗಳಿಗೆ ನಾನು ಬೆಲೆ ಕೊಡಲಿಲ್ಲ. ಅವುಗಳಲ್ಲಿ ಟೈಡಲ್, ಕೋಬಜ್‌ನಂಥವು ನಾನು ಕೊಳ್ಳುವ ಹೊತ್ತಿಗೆ ಭಾರತದಲ್ಲಿ ಅಧಿಕೃತವಾಗಿ ಸಿಗುತ್ತಲೇ ಇರಲಿಲ್ಲ.

ತುಮಕೂರಿನಲ್ಲಿ ಕೂತು ಕೇಳಿ ಕೊಳ್ಳುವ ಅಂಗಡಿ ನನಗೆ ಸಿಗಲಿಲ್ಲ, ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿಗೇ ಹೋಗಬೇಕಾಯಿತು. ಹೋಗುವವರಿಗೆ ಒಂದು ಮಾತು: ತಮ್ಮದೇ ಹೆಡ್‌ಫೋನ್, ತಮ್ಮದೇ ಫೈಲ್‌ಗಳಿರುವ ಪೆನ್‌ಡ್ರೈವ್ ಒಯ್ಯಿರಿ, ಭಾರತದ ಅಧಿಕೃತ ಮಾರಾಟಗಾರರ ವಾರಂಟಿ ಇದೆಯೇ ಎಂದು ಬಿಲ್ ನೋಡಿ ಖಚಿತಪಡಿಸಿಕೊಳ್ಳಿ, ಯಾಕೆಂದರೆ ಹೊರದೇಶದಿಂದ ನೇರವಾಗಿ ತರಿಸಿದ ಪೆಟ್ಟಿಗೆ ಕೆಟ್ಟರೆ ರಿಪೇರಿಗೆ ಮತ್ತೆ ಹೊರದೇಶಕ್ಕೇ ಕಳಿಸಬೇಕಾದೀತು. ಹೆಡ್‌ಫೋನ್ ಓಪನ್ ಬ್ಯಾಕ್, ಎಂದರೆ ಹೊರಗಿನ ಸದ್ದು ಒಳಬರುವಂತೆ ಹಿಂಬದಿ ತೆರೆದದ್ದು, ಆಗಿದ್ದರೆ ಮನೆಯ ಸದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೆದ್ದಾರಿಯ ಲಾರಿಗಳು ಹಗಲೆಲ್ಲ ಕೇಳುವ ನಮ್ಮ ಕಡೆ ಅದು ರಾತ್ರಿಗೆ ಮಾತ್ರ. ಹಗಲಿಗೆ ಮುಚ್ಚಿದ ಹೆಡ್‌ಫೋನ್ ಇನ್ನೊಂದಿರಬೇಕು, ಮತ್ತು ಒಂದರಿಂದ ಒಂದಕ್ಕೆ ಬದಲಿಸುವ ಮುನ್ನ ವಾಲ್ಯೂಮ್ ಇಳಿಸುವ ಅಭ್ಯಾಸವಿರಬೇಕು.

ಈಗ ಗೇನ್ ಅತಿ ಕೆಳಗಿನ ಹಂತದಲ್ಲಿದೆ, ಸಂಗೀತ ಮನೆಯ ಡಿಸ್ಕ್‌ನಿಂದ ಈಥರ್ನೆಟ್ ತಂತಿಯಲ್ಲಿ ಬರುತ್ತದೆ, ಕೆಲಸದ ಕರೆಗಳಿಗೆ ಮಾತ್ರ ಲ್ಯಾಪ್‌ಟಾಪ್‌ನ ಯುಎಸ್‌ಬಿ. ಮೇಷ್ಟ್ರು ಬಂದು ಅದೇ ತನಿಯನ್ನು ಮತ್ತೊಮ್ಮೆ ಪೂರ್ತಿ ಕೇಳಿದರು. ತೊಪ್ಪಿಯ ಬಗ್ಗೆ ಈ ಸಲ ತಕರಾರಿರಲಿಲ್ಲ, ಆದರೆ ಪರದೆಯ ಮೇಲೆ ಹಾಡಿದವರ ಹೆಸರಿದ್ದು ಮೃದಂಗ ನುಡಿಸಿದವರ ಹೆಸರು ಇಲ್ಲದ್ದಕ್ಕೆ ಬೇಸರಪಟ್ಟರು. ಅವರ ಬೇಸರ ನ್ಯಾಯವಾದದ್ದು. ಪಕ್ಕವಾದ್ಯದವರ ಹೆಸರುಗಳನ್ನು ಫೈಲ್‌ಗಳಿಗೆ ಸೇರಿಸುವ ಕೆಲಸವನ್ನು ಭೈರವಿ ರಾಗದ ಫೋಲ್ಡರ್‌ನಿಂದ ಆರಂಭಿಸಿದ್ದೇನೆ. ಗುರುತು ಸಿಗದ ಕಡೆ, ಬೆರಳುಗಳ ಸದ್ದು ಕೇಳಿ ಯಾರೆಂದು ಹೇಳಲು ಅವರೇ ಒಪ್ಪಿದ್ದಾರೆ.